ಗಣಿತ ತರಗತಿಯಲ್ಲಿ ಎಲ್ಲ ಮಕ್ಕಳೂ ಯೋಚಿಸುವಂತೆ ಮಾಡುವುದು ಹೇಗೆ: ಶಿಕ್ಷಕರಿಗೂ ಅವರ ಬೆನ್ನಿಗೆ ನಿಲ್ಲುವವರಿಗೂ ಹಂತ ಹಂತದ ಮಾರ್ಗದರ್ಶಿ

ಚರ್ಚೆಯ ಮೂಲಕ ಗಣಿತ ಕಲಿಸಲು ಹೊರಡುವ ಶಿಕ್ಷಕರು ಬಹುಪಾಲು ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ವಿಧಾನ ಹೇಳಿಕೊಡುತ್ತಾರೆ, ಒಂದು ಮಾದರಿ ಲೆಕ್ಕ ಬಿಡಿಸಿ ತೋರಿಸುತ್ತಾರೆ, ಆಮೇಲೆ ಅದೇ ಬಗೆಯ ಇನ್ನೊಂದು ಲೆಕ್ಕ ಕೊಟ್ಟು 'ಗುಂಪಿನಲ್ಲಿ ಚರ್ಚಿಸಿ' ಎನ್ನುತ್ತಾರೆ. ಅಷ್ಟು ಹೊತ್ತಿಗೆ ಚರ್ಚಿಸಲು ಏನೂ ಉಳಿದಿರುವುದಿಲ್ಲ. ಚುರುಕಾದ ಒಬ್ಬಳು ಬರೆಯುತ್ತಾಳೆ, ಉಳಿದವರು ನೋಡಿ ಇಳಿಸಿಕೊಳ್ಳುತ್ತಾರೆ. ಇದನ್ನು ಕೆಲವು ಸಲ ಕಂಡ ಮೇಲೆ 'ಈ ಗುಂಪು ಚಟುವಟಿಕೆ ನಮ್ಮ ತರಗತಿಗೆ ಆಗಿಬರುವುದಿಲ್ಲ' ಎಂದು ಶಿಕ್ಷಕರು ಹಳೆಯ ದಾರಿಗೆ ಮರಳುತ್ತಾರೆ.

ತೊಂದರೆ ಇರುವುದು ಅನುಕ್ರಮದಲ್ಲಿ. ಲೆಕ್ಕ ಮೊದಲು, ಮಕ್ಕಳ ಯೋಚನೆ ಆಮೇಲೆ, ವಿಧಾನ ಕೊನೆಗೆ. ಈ ಮೂರನ್ನು ತಿರುಗಾಮುರುಗಾ ಮಾಡಿದರೆ ಎಷ್ಟೇ ಉತ್ಸಾಹದ ಶಿಕ್ಷಕರಾದರೂ ಕೈಚೆಲ್ಲಬೇಕಾಗುತ್ತದೆ. ಕೆಳಗಿನ ಹಂತಗಳು ನಾಲ್ಕರಿಂದ ಎಂಟನೆಯ ತರಗತಿಯವರೆಗಿನ ಒಂದು 45 ನಿಮಿಷದ ಅವಧಿಗೆ ಹೊಂದುತ್ತವೆ. ಉದ್ದಕ್ಕೂ ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ: 2/3 ಮತ್ತು 3/5, ಇವುಗಳಲ್ಲಿ ಯಾವುದು ದೊಡ್ಡದು? ನೋಡಲು ಸಪ್ಪೆ ಲೆಕ್ಕ. ಆದರೆ ಮಕ್ಕಳ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಇದು ಹೊರಗೆಳೆದು ತೋರಿಸುತ್ತದೆ.

## ಬೇಕಾಗುವ ಸಾಮಗ್ರಿ

ಪಟ್ಟಿ ತೀರಾ ಚಿಕ್ಕದು. ಇಬ್ಬರಿಗೆ ಒಂದರಂತೆ ಚೌಕುಳಿ ಹಾಳೆ, ಪ್ರತಿ ಮಗುವಿಗೆ ಒಂದು ಸಣ್ಣ ಚೀಟಿ, ಶಿಕ್ಷಕರ ಕೈಯಲ್ಲಿ ಒಂದು ರಟ್ಟು ಮತ್ತು ಅದಕ್ಕೆ ಸಿಕ್ಕಿಸಿದ ಹಾಳೆ, ಒಂದು ಗಡಿಯಾರ, ಒಂದು ದೊಡ್ಡ ಕಪ್ಪು ಹಲಗೆ.

ಪ್ರೊಜೆಕ್ಟರ್ ಬೇಡ. ಪರದೆಯ ಮೇಲೆ ಮುಂದಿನ ಪುಟ ಬಂದ ಕೂಡಲೇ ಹಿಂದಿನ ಪುಟ ಮಾಯವಾಗುತ್ತದೆ. ಈ ಪಾಠಕ್ಕೆ ಮೊದಲು ಬರೆದದ್ದೂ ಕೊನೆಗೆ ಬರೆದದ್ದೂ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಹಲಗೆಯನ್ನು ಬಳಸುವ ಈ ಕ್ರಮಕ್ಕೆ ಜಪಾನಿನ ಶಿಕ್ಷಕರು 'ಬನ್‌ಶೋ' ಎನ್ನುತ್ತಾರೆ. ಅಲ್ಲಿ ಯಾವ ಮೂಲೆಯಲ್ಲಿ ಏನು ಬರಬೇಕು ಎಂಬುದನ್ನು ಪಾಠ ಯೋಜನೆ ಬರೆಯುವಾಗಲೇ ತೀರ್ಮಾನಿಸಿರುತ್ತಾರೆ, ಅವಧಿ ಮುಗಿಯುವವರೆಗೂ ಆದಷ್ಟು ಅಳಿಸುವುದಿಲ್ಲ.

## ಹಂತ 1: ಲೆಕ್ಕವನ್ನು ಆರಿಸುವುದು

ಒಳ್ಳೆಯ ಲೆಕ್ಕಕ್ಕೆ ಮೂರು ಗುಣಗಳಿರಬೇಕು. ತರಗತಿಯಲ್ಲಿ ಹಿಂದುಳಿದ ಮಗುವೂ ಏನಾದರೊಂದು ಬರೆದು ಶುರು ಮಾಡುವಂತಿರಬೇಕು. ಒಂದಕ್ಕಿಂತ ಹೆಚ್ಚು ಸರಿದಾರಿಗಳಿರಬೇಕು. ತಪ್ಪು ದಾರಿ ಹಿಡಿದವರಿಗೂ ನಂಬಿಕೆ ಹುಟ್ಟಿಸುವಂಥ ಉತ್ತರ ಸಿಗಬೇಕು. ಮೂರನೆಯದನ್ನು ಹೆಚ್ಚಿನವರು ಕಡೆಗಣಿಸುತ್ತಾರೆ, ಚರ್ಚೆ ಹುಟ್ಟುವುದು ಮಾತ್ರ ಅದರಿಂದಲೇ.

ಕೆಲವು ಉದಾಹರಣೆಗಳನ್ನು ನೋಡಿ. 8 + 4 = □ + 5 ಎಂದು ಬರೆದು ಖಾಲಿ ಚೌಕ ತುಂಬಲು ಹೇಳಿದರೆ 12 ಎನ್ನುವವರು ಬಹಳ ಮಂದಿ, 17 ಎನ್ನುವವರೂ ಇರುತ್ತಾರೆ. ಅವರ ಪಾಲಿಗೆ ಸಮಚಿಹ್ನೆ ಎಂದರೆ 'ಇಲ್ಲಿ ಉತ್ತರ ಬರೆ' ಎಂಬ ಅಪ್ಪಣೆ. ಎರಡೂ ಬದಿ ಸಮ ಎಂಬ ಅರ್ಥವೇ ಅವರಿಗೆ ಮುಟ್ಟಿರುವುದಿಲ್ಲ. ಮುಂದೆ ಸಮೀಕರಣಗಳಲ್ಲಿ ಅವರು ತಡವರಿಸಲು ಇದೊಂದು ಕಾರಣ. 0.5 ಮತ್ತು 0.35 ಇವುಗಳಲ್ಲಿ ಯಾವುದು ದೊಡ್ಡದು ಎಂದರೆ 35 ದೊಡ್ಡದಲ್ಲವೇ ಎಂದು 0.35ನ್ನು ಆರಿಸುತ್ತಾರೆ. 52ರಿಂದ 27 ಕಳೆಯಿರಿ ಎಂದರೆ 7ರಿಂದ 2 ಕಳೆದು 5, 5ರಿಂದ 2 ಕಳೆದು 3, ಒಟ್ಟು 35 ಎನ್ನುತ್ತಾರೆ.

ಇವೆಲ್ಲ ಅಜಾಗರೂಕತೆಯ ತಪ್ಪುಗಳೆಂದು ಬಗೆದು ಕೆಂಪು ಗೆರೆ ಎಳೆದರೆ ಏನೂ ಬದಲಾಗುವುದಿಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಕಾಲಕ್ಕೆ ಸರಿಯಾಗಿಯೇ ಕೆಲಸ ಮಾಡಿದ ನಿಯಮವಿದೆ. ಪೂರ್ಣ ಸಂಖ್ಯೆಗಳಲ್ಲಿ ಅಂಕಿ ಹೆಚ್ಚಿದ್ದರೆ ಸಂಖ್ಯೆ ದೊಡ್ಡದು. ದಶಮಾಂಶಕ್ಕೆ ಬಂದಾಗ ಅದು ಕೈಕೊಡುತ್ತದೆ ಎಂದು ಮಗುವಿಗೆ ಯಾರೂ ತೋರಿಸಿಕೊಟ್ಟಿಲ್ಲ. ಹೀಗೆ ಅವಧಿ ಮೀರಿ ಉಳಿದುಕೊಂಡ ನಿಯಮವೊಂದನ್ನು ಕೆಣಕುವ ಲೆಕ್ಕ ಸಿಕ್ಕಿದರೆ ಅದೇ ಆ ದಿನದ ಲೆಕ್ಕ.

ಸಾಮಾನ್ಯ ತಪ್ಪುಗಳು ಎರಡು. ಮೊದಲನೆಯದು, 'ಯೋಚನೆಗೆ ಹಚ್ಚುವ ಲೆಕ್ಕ' ಎಂದು ಒಗಟುಗಳನ್ನು ತರುವುದು. ಒಗಟಿನಲ್ಲಿ ಹೊಳೆದವರಿಗೆ ಹೊಳೆಯಿತು, ಉಳಿದವರಿಗೆ ಕಾಯುವುದೊಂದೇ ಕೆಲಸ. ಎರಡನೆಯದು, ಹಿಂದಿನ ವಾರವಷ್ಟೇ ವಿಧಾನ ಕಲಿಸಿದ ಲೆಕ್ಕವನ್ನು ಕೊಡುವುದು. ಅದು ಅಭ್ಯಾಸ. ಅಭ್ಯಾಸವೂ ಬೇಕು, ಆದರೆ ಅದಕ್ಕೆ ಇಷ್ಟೆಲ್ಲ ಸಿದ್ಧತೆ ಬೇಕಿಲ್ಲ.

## ಹಂತ 2: ಮಕ್ಕಳ ಉತ್ತರಗಳನ್ನು ಹಿಂದಿನ ದಿನವೇ ಬರೆದುಕೊಳ್ಳುವುದು

ಇಡೀ ಪಾಠ ನಿಂತಿರುವುದು ಈ ಹಂತದ ಮೇಲೆ. ಇದಕ್ಕೆ ಇಪ್ಪತ್ತು ನಿಮಿಷ ಕೊಡಲು ಮನಸ್ಸಿಲ್ಲದವರು ಮುಂದಿನ ಹಂತಗಳನ್ನು ಓದುವುದು ಬೇಡ ಎಂದೇ ನಾನು ಹೇಳುವುದು.

ರಟ್ಟಿನ ಮೇಲಿನ ಹಾಳೆಯಲ್ಲಿ ಎಡಕ್ಕೆ ಮಗು ಕೊಡಬಹುದಾದ ಉತ್ತರ ಮತ್ತು ಕಾರಣ, ನಡುವೆ ನೀವು ಕೇಳುವ ಒಂದು ಪ್ರಶ್ನೆ, ಬಲಕ್ಕೆ ಹೆಸರು ಬರೆಯಲು ಖಾಲಿ ಜಾಗ. 2/3 ಮತ್ತು 3/5ಕ್ಕೆ ಇವು ಬಂದೇ ಬರುತ್ತವೆ:

1. 'ಮೂರು ಎರಡಕ್ಕಿಂತ ದೊಡ್ಡದು, ಐದು ಮೂರಕ್ಕಿಂತ ದೊಡ್ಡದು, ಆದ್ದರಿಂದ 3/5 ದೊಡ್ಡದು.' ಪ್ರಶ್ನೆ: ಹಾಗಾದರೆ 1/2 ಮತ್ತು 2/100 ಇವುಗಳಲ್ಲಿ ಯಾವುದು ದೊಡ್ಡದು?

2. ಎರಡು ಪಟ್ಟಿಗಳ ಚಿತ್ರ. ಆದರೆ ಒಂದು ಪಟ್ಟಿ ಉದ್ದ, ಇನ್ನೊಂದು ಗಿಡ್ಡ. ಪ್ರಶ್ನೆ: ಎರಡೂ ಯಾವುದರ ಭಾಗಗಳು?

3. ಚೌಕುಳಿ ಹಾಳೆಯಲ್ಲಿ 15 ಚೌಕಗಳ ಎರಡು ಪಟ್ಟಿ. ಒಂದರಲ್ಲಿ 10 ಚೌಕ, ಇನ್ನೊಂದರಲ್ಲಿ 9 ಚೌಕ ಬಣ್ಣ. ಸರಿ. ಪ್ರಶ್ನೆ: 15ನ್ನೇ ಏಕೆ ಆರಿಸಿಕೊಂಡೆ?

4. '2/3 ಪೂರ್ತಿಯಾಗಲು ಒಂದು ಬೇಕು, 3/5ಕ್ಕೆ ಎರಡು ಬೇಕು, ಆದ್ದರಿಂದ 2/3 ದೊಡ್ಡದು.' ಉತ್ತರ ಸರಿ, ಕಾರಣ ಸರಿಯಲ್ಲ. ಪ್ರಶ್ನೆ: ಇದೇ ರೀತಿ 1/2 ಮತ್ತು 3/5 ಹೋಲಿಸಿ ನೋಡು.

5. '2/3 ಪೂರ್ತಿಯಾಗಲು 1/3 ಬೇಕು, 3/5ಕ್ಕೆ 2/5 ಬೇಕು. 1/3 ಎಂದರೆ 2/6. ಅದು 2/5ಕ್ಕಿಂತ ಚಿಕ್ಕದು. ಕಡಿಮೆ ಬೇಕಾದದ್ದೇ ದೊಡ್ಡದು.' ಸರಿ, ಸುಂದರವಾದ ದಾರಿ.

6. 'ಎರಡೂ ಅರ್ಧಕ್ಕಿಂತ ಹೆಚ್ಚು. 2/3 ಅರ್ಧಕ್ಕಿಂತ 1/6 ಹೆಚ್ಚು, 3/5 ಅರ್ಧಕ್ಕಿಂತ 1/10 ಹೆಚ್ಚು.' ಸರಿ.

7. ಅಡ್ಡ ಗುಣಾಕಾರ: 2 × 5 = 10, 3 × 3 = 9, ಆದ್ದರಿಂದ 2/3. ಶಾಲೆಯ ಹೊರಗೆ ಕಲಿತು ಬಂದವರ ದಾರಿ. ಪ್ರಶ್ನೆ: ಇಲ್ಲಿ 10 ಎಂದರೆ ಎಷ್ಟರ 10?

ನಾಲ್ಕನೆಯದರ ಬಳಿ ಸ್ವಲ್ಪ ನಿಲ್ಲಿ. ಉತ್ತರವನ್ನಷ್ಟೇ ನೋಡುವ ಶಿಕ್ಷಕರು ಆ ಮಗುವಿಗೆ ಸರಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ಆ ಮಗು ಅದೇ ನಿಯಮ ಹಿಡಿದು 1/2 ಮತ್ತು 3/5 ಹೋಲಿಸಿದರೆ 1/2 ದೊಡ್ಡದು ಎನ್ನುತ್ತದೆ. 5/6 ಮತ್ತು 7/8 ಕೊಟ್ಟರೆ ಎರಡಕ್ಕೂ ಒಂದೇ ಬೇಕು, ಹಾಗಾಗಿ ಎರಡೂ ಸಮ ಎನ್ನುತ್ತದೆ. ಬೇಕಾದ ತುಂಡುಗಳನ್ನು ಅದು ಎಣಿಸುತ್ತಿದೆಯೇ ಹೊರತು ತುಂಡಿನ ಗಾತ್ರವನ್ನು ನೋಡುತ್ತಿಲ್ಲ. ಐದನೆಯ ದಾರಿಗೂ ಇದಕ್ಕೂ ಇರುವ ದೂರ ಕೂದಲೆಳೆಯಷ್ಟು. ಒಂದು ಪ್ರಶ್ನೆಯಲ್ಲಿ ದಾಟಿಸಬಹುದು. ಮೊದಲೇ ಬರೆದುಕೊಂಡಿರದಿದ್ದರೆ ಗದ್ದಲದ ನಡುವೆ ಆ ಪ್ರಶ್ನೆ ನೆನಪಿಗೆ ಬರುವುದಿಲ್ಲ.

## ಹಂತ 3: ಲೆಕ್ಕವನ್ನು ಮುಂದಿಡುವುದು (4 ನಿಮಿಷ)

ಹಲಗೆಯ ಎಡ ಮೂಲೆಯಲ್ಲಿ ಲೆಕ್ಕ ಬರೆಯಿರಿ. ಮಕ್ಕಳಲ್ಲಿ ಒಬ್ಬರು ಅದನ್ನು ತಮ್ಮ ಮಾತಿನಲ್ಲಿ ಹೇಳಲಿ. 'ಛೇದ ಸಮ ಮಾಡಿಕೊಳ್ಳಬಹುದು' ಎಂಬ ಸುಳಿವು ಬಾಯಿಗೆ ಬಂದರೂ ನುಂಗಿಕೊಳ್ಳಿ. 'ಕಾರಣ ಬರೆಯಬೇಕು, ಕಾರಣವಿಲ್ಲದ ಉತ್ತರ ಅರ್ಧ ಉತ್ತರ' ಎಂಬುದೊಂದೇ ಸೂಚನೆ ಸಾಕು.

## ಹಂತ 4: ಮೊದಲು ಒಬ್ಬೊಬ್ಬರೇ, ಆಮೇಲೆ ಜೋಡಿ (14 ನಿಮಿಷ)

ಮೊದಲ ಆರು ನಿಮಿಷ ಯಾರೂ ಯಾರೊಂದಿಗೂ ಮಾತನಾಡುವಂತಿಲ್ಲ. ಇದನ್ನು ಬಿಟ್ಟು ನೇರವಾಗಿ ಗುಂಪಿಗೆ ಹೋದರೆ ನಿಧಾನವಾಗಿ ಯೋಚಿಸುವ ಮಗುವಿಗೆ ತನ್ನದೊಂದು ಯೋಚನೆ ಹುಟ್ಟುವ ಮೊದಲೇ ಪಕ್ಕದವರ ಉತ್ತರ ಕಿವಿಗೆ ಬಿದ್ದಿರುತ್ತದೆ. ಆಮೇಲೆ ಆ ಮಗುವಿಗೆ ಹೇಳಲು ಏನೂ ಇರುವುದಿಲ್ಲ.

ಮುಂದಿನ ಎಂಟು ನಿಮಿಷ ಜೋಡಿ. ನಾಲ್ಕೈದು ಮಂದಿಯ ಗುಂಪು ಬೇಡ. ಅದರಲ್ಲಿ ಅಡಗಿಕೊಳ್ಳಲು ಜಾಗ ಜಾಸ್ತಿ. ಜೋಡಿಗೆ ಒಂದೇ ಚೌಕುಳಿ ಹಾಳೆ, ಒಂದೇ ಪೆನ್ಸಿಲ್. ನಿಯಮ ಹೀಗೆ: ದಾರಿ ಹೇಳುವವರು ಬರೆಯುವಂತಿಲ್ಲ, ಬರೆಯುವವರು ಕೇಳಿಸಿಕೊಂಡದ್ದನ್ನೇ ಬರೆಯಬೇಕು, ಅರ್ಥವಾಗದಿದ್ದರೆ ಪೆನ್ಸಿಲ್ ಕೆಳಗಿಡಬೇಕು. ನಾಲ್ಕು ನಿಮಿಷಕ್ಕೆ ಪಾತ್ರ ಬದಲು. ಚುರುಕಾದವರಿಗೆ ಇದು ಮೊದಮೊದಲು ಕಿರಿಕಿರಿ. ತಾನೇ ಬರೆದರೆ ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಇನ್ನೊಬ್ಬರ ಕೈಯಿಂದ ಮಾಡಿಸಬೇಕಾದರೆ, ತನಗೆ ನಿಜವಾಗಿ ಏನು ಗೊತ್ತು ಎಂಬುದು ಅವರಿಗೇ ತಿಳಿಯುತ್ತದೆ.

ಏನೂ ಬರೆಯದೆ ಕುಳಿತವರಿಗೆ ವಿಧಾನ ಹೇಳಬೇಡಿ. ಈ ಮೂರರಲ್ಲಿ ಒಂದನ್ನು ಕೇಳಿ: 'ಲೆಕ್ಕ ಏನು ಕೇಳುತ್ತಿದೆ, ನನಗೆ ಹೇಳು.' 'ಇದರ ಚಿತ್ರ ಬರೆಯಬಹುದೇ?' 'ಇದಕ್ಕಿಂತ ಸುಲಭವಾದ ಜೋಡಿ, 1/2 ಮತ್ತು 1/3, ಇದ್ದಿದ್ದರೆ ಏನು ಮಾಡುತ್ತಿದ್ದೆ?' ಕೇಳಿ ಅಲ್ಲಿಂದ ಹೊರಟುಬಿಡಿ. ನಿಂತೇ ಇದ್ದರೆ ಮಗು ಲೆಕ್ಕ ನೋಡುವುದು ಬಿಟ್ಟು ನಿಮ್ಮ ಮುಖ ನೋಡುತ್ತದೆ.

ಬೇಗ ಮುಗಿಸಿದವರಿಗೆ ಇನ್ನೂ ನಾಲ್ಕು ಲೆಕ್ಕ ಕೊಡುವುದು ಶಿಕ್ಷೆಯಂತಾಗುತ್ತದೆ. 'ನಿನ್ನ ವಿಧಾನ ಯಾವ ಜೋಡಿಯಲ್ಲಿ ಕೈಕೊಡುತ್ತದೆ, ಹುಡುಕು' ಎನ್ನಿ. ಅಡ್ಡ ಗುಣಾಕಾರದವರಿಗೆ 'ಅದು ಏಕೆ ಕೈಕೊಡುವುದಿಲ್ಲ, ಚಿತ್ರದಲ್ಲಿ ತೋರಿಸು' ಎಂದರೆ ಉಳಿದ ಸಮಯಕ್ಕೆ ಸಾಕಾಗುವಷ್ಟು ಕೆಲಸ ಸಿಗುತ್ತದೆ.

## ಹಂತ 5: ಬೆಂಚುಗಳ ನಡುವೆ ಓಡಾಡುತ್ತಾ ಗುರುತು ಹಾಕಿಕೊಳ್ಳುವುದು

ಇದು ನಾಲ್ಕನೆಯ ಹಂತದ ಜೊತೆಜೊತೆಗೇ ನಡೆಯುತ್ತದೆ. ಯಾರು ಯಾವ ದಾರಿಯಲ್ಲಿದ್ದಾರೆ ಎಂದು ಬಲಗಡೆಯ ಖಾಲಿ ಜಾಗದಲ್ಲಿ ಹೆಸರು ಬರೆಯುತ್ತಾ ಹೋಗಿ. ಊಹಿಸದ ದಾರಿ ಕಂಡರೆ ಕೆಳಗೆ ಸೇರಿಸಿ. ಮಕ್ಕಳ ಹಾಳೆಯ ಮೇಲೆ ಸರಿ, ತಪ್ಪು ಯಾವ ಗುರುತೂ ಬೇಡ. ಒಂದು ಗುರುತು ಬಿದ್ದರೆ ಸಾಕು, ಆ ಬೆಂಚಿನಲ್ಲಿ ಯೋಚನೆ ಅಲ್ಲಿಗೆ ನಿಂತಿತು. 'ಭೇಷ್' ಎನ್ನುವುದೂ ಗುರುತೇ, ಹುಬ್ಬೇರಿಸುವುದೂ ಗುರುತೇ.

ಓಡಾಟದ ಕೊನೆಯಲ್ಲಿ ಯಾರ ಕೆಲಸವನ್ನು ಯಾವ ಅನುಕ್ರಮದಲ್ಲಿ ಹಲಗೆಗೆ ತರಬೇಕೆಂದು 1, 2, 3, 4 ಎಂದು ಸಂಖ್ಯೆ ಹಾಕಿಕೊಳ್ಳಿ. ನಾಲ್ಕಕ್ಕಿಂತ ಹೆಚ್ಚು ಬೇಡ. 'ಯಾರು ಬಂದು ತೋರಿಸುತ್ತೀರಿ?' ಎಂದು ತರಗತಿಯನ್ನು ಕೇಳುವುದು ಈ ಪಾಠದಲ್ಲಿ ನಿಷಿದ್ಧ. ಕೇಳಿದರೆ ಪ್ರತಿದಿನದ ಅದೇ ಮೂರು ಕೈಗಳು ಮೇಲೇಳುತ್ತವೆ, ಅಡ್ಡ ಗುಣಾಕಾರವೇ ಮೊದಲು ಬರುತ್ತದೆ, ಉಳಿದವರು ತಮ್ಮ ಚಿತ್ರಗಳನ್ನು ಅಳಿಸಿಬಿಡುತ್ತಾರೆ. ಆಯ್ಕೆ ಮಾಡಿದವರ ಬಳಿ ಹೋಗಿ 'ನಿನ್ನ ಪಟ್ಟಿಯ ಚಿತ್ರ ಎಲ್ಲರಿಗೂ ಬೇಕು, ತೋರಿಸುತ್ತೀಯಾ?' ಎಂದು ಮೊದಲೇ ಮೆಲ್ಲಗೆ ಕೇಳಿ. ಸಂಕೋಚದ ಮಗುವಿಗೆ ಸಿದ್ಧವಾಗಲು ಆ ಎರಡು ನಿಮಿಷ ಬೇಕು.

## ಹಂತ 6: ಹಲಗೆಯ ಮೇಲೆ ಜೋಡಿಸುವುದು (17 ನಿಮಿಷ)

ಅನುಕ್ರಮ ಹೀಗಿರಲಿ: ಚಿತ್ರ ಮೊದಲು, ಮಾತಿನ ಕಾರಣ ನಂತರ, ಚಿಹ್ನೆಗಳ ವಿಧಾನ ಕೊನೆಗೆ. ಚಿತ್ರ ಎಲ್ಲರಿಗೂ ಎಟಕುತ್ತದೆ. ಕೊನೆಗೆ ಬರುವ ವಿಧಾನಕ್ಕೆ ಅದೇ ಆಧಾರವಾಗುತ್ತದೆ.

ಮೊದಲು 15 ಚೌಕಗಳ ಪಟ್ಟಿ. ಬರೆದ ಹುಡುಗಿ ಹಲಗೆಯ ಮೇಲೆ ಎರಡು ಪಟ್ಟಿ ಎಳೆದು ಒಂದರಲ್ಲಿ 10, ಇನ್ನೊಂದರಲ್ಲಿ 9 ಚೌಕ ತುಂಬುತ್ತಾಳೆ. ಇಲ್ಲಿಗೆ 2/3 ದೊಡ್ಡದು ಎಂಬುದು ಎಲ್ಲರ ಕಣ್ಣೆದುರು ಇತ್ಯರ್ಥವಾಯಿತು. ಉತ್ತರ ಇತ್ಯರ್ಥವಾದ ಮೇಲೆ ಕಾರಣಗಳ ಬಗ್ಗೆ ನೆಮ್ಮದಿಯಿಂದ ಮಾತನಾಡಬಹುದು.

ಎರಡನೆಯದು ನಾಲ್ಕನೆಯ ಬಗೆಯ ಕಾರಣ, 'ಒಂದು ಬೇಕು, ಎರಡು ಬೇಕು' ಎಂಬುದು. ಇದನ್ನು ಬರೆದವರನ್ನು ಹಲಗೆಗೆ ಕರೆಯಬೇಡಿ. 'ಒಬ್ಬರು ಹೀಗೂ ಯೋಚಿಸಬಹುದು' ಎಂದು ನೀವೇ ಬರೆಯಿರಿ. 'ಉತ್ತರ ಸರಿಬಂದಿದೆ. ಈ ಕಾರಣವನ್ನು ನಂಬಬಹುದೇ? 1/2 ಮತ್ತು 3/5ಕ್ಕೆ ಹಚ್ಚಿ ನೋಡಿ.' ಇಲ್ಲಿ ತರಗತಿ ಗಲಿಬಿಲಿಗೊಳ್ಳುತ್ತದೆ. ನಿಯಮ 1/2 ಎನ್ನುತ್ತದೆ, ಅರ್ಧಕ್ಕಿಂತ 3/5 ಹೆಚ್ಚು ಎಂದು ಎಲ್ಲರಿಗೂ ಗೊತ್ತು. ಗಲಿಬಿಲಿಯನ್ನು ಕೂಡಲೇ ಬಿಡಿಸಲು ಹೋಗಬೇಡಿ. ಸುಮ್ಮನಿರಿ.

ಸುಮ್ಮನಿರುವುದೂ ಒಂದು ತಂತ್ರವೇ. ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನ ತರಗತಿಗಳಲ್ಲಿ ನಡೆಸಿ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳು, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ತೋರಿಸಿದವು. ಮೂರು ಸೆಕೆಂಡು ಅಥವಾ ಇನ್ನೂ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಬಾಯಿ ತೆರೆಯದವರೂ ಮಾತನಾಡತೊಡಗಿದರು. ಕಾಯಬೇಕಾದ ಜಾಗ ಎರಡು: ಪ್ರಶ್ನೆ ಕೇಳಿದ ಮೇಲೆ ಒಂದು, ಮಗು ಉತ್ತರಿಸಿದ ಮೇಲೆ ಇನ್ನೊಂದು. ಎರಡನೆಯದು ಹೆಚ್ಚು ಕಷ್ಟ. ಮಗು ಮಾತು ನಿಲ್ಲಿಸಿದ ಕೂಡಲೇ 'ಸರಿ' ಎನ್ನುವ ಚಾಳಿ ನಮಗೆ ಅಂಟಿಕೊಂಡಿದೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಕಾದರೆ ಯಾರಾದರೂ 'ತುಂಡುಗಳು ಒಂದೇ ಗಾತ್ರದವಲ್ಲ' ಎನ್ನುತ್ತಾರೆ. ಆಗ 'ಅವಳು ಹೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳು' ಎಂದು ಇನ್ನೊಬ್ಬನನ್ನು ಕೇಳಿ. ಈ ಒಂದು ವಾಕ್ಯ ಅಭ್ಯಾಸವಾದರೆ ಮಕ್ಕಳು ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿಗೊಡತೊಡಗುತ್ತಾರೆ. ಮಗು ಹೇಳಿದ್ದನ್ನು ನೀವೇ ಗಟ್ಟಿಯಾಗಿ ಪುನರುಚ್ಚರಿಸುತ್ತಾ ಹೋದರೆ ಅವರು ನಿಮಗಷ್ಟೇ ಕಿವಿಗೊಡುತ್ತಾರೆ.

ಮೂರನೆಯದು ಐದನೆಯ ಬಗೆಯ ಕಾರಣ: ಬೇಕಾದದ್ದು 2/6 ಮತ್ತು 2/5. ಗಾತ್ರದ ಮಾತು ಈಗಷ್ಟೇ ಬಂದಿರುವುದರಿಂದ ಇದು ತಾನಾಗಿಯೇ ಹೊಂದಿಕೊಳ್ಳುತ್ತದೆ.

ಕೊನೆಗೆ ಅಡ್ಡ ಗುಣಾಕಾರ. ಬರೆದವನು 10 ಮತ್ತು 9 ಎಂದು ಬರೆದ ಮೇಲೆ ಒಂದೇ ಪ್ರಶ್ನೆ: 'ಈ 10 ಮತ್ತು 9 ಹಲಗೆಯ ಮೇಲೆ ಇನ್ನೆಲ್ಲಾದರೂ ಕಾಣುತ್ತವೆಯೇ?' ಮೊದಲು ಬರೆದ ಎರಡು ಪಟ್ಟಿಗಳಲ್ಲಿ ಬಣ್ಣ ತುಂಬಿದ ಚೌಕಗಳೂ 10 ಮತ್ತು 9. ಅಡ್ಡ ಗುಣಾಕಾರ ಎಣಿಸುತ್ತಿರುವುದು ಹದಿನೈದನೇ ಭಾಗಗಳನ್ನೇ ಎಂಬುದು ಹೊಳೆಯುವ ಕ್ಷಣ ಇದು. ಆ ವಿಧಾನವನ್ನು ಬಾಯಿಪಾಠ ಮಾಡಿದ್ದವನಿಗೂ ಇದು ಹೊಸ ಸುದ್ದಿ. ಹಲಗೆ ಅಳಿಸಿದ್ದರೆ ಈ ಪ್ರಶ್ನೆ ಕೇಳಲು ಆಗುತ್ತಿರಲಿಲ್ಲ.

## ಹಂತ 7: ವಿಧಾನ ಹೇಳುವುದು ಮತ್ತು ಚೀಟಿ (10 ನಿಮಿಷ)

ಈಗ ನೀವು ಮಾತನಾಡಬಹುದು, ಮಾತನಾಡಲೇಬೇಕು. ಚರ್ಚೆಯ ಪಾಠವೆಂದರೆ ಶಿಕ್ಷಕರು ಕೊನೆಯವರೆಗೂ ಬಾಯಿ ಮುಚ್ಚಿಕೊಂಡಿರಬೇಕೆಂಬ ಭ್ರಮೆ ಕೆಲವರಲ್ಲಿದೆ. ಹಾಗೆ ಮಾಡಿದರೆ ಮಕ್ಕಳು ಹಲಗೆಯ ಮೇಲಿನ ನಾಲ್ಕು ದಾರಿಗಳನ್ನು ನಾಲ್ಕು ಬಿಡಿ ಸಂಗತಿಗಳಾಗಿ ಹೊತ್ತುಕೊಂಡು ಹೋಗುತ್ತಾರೆ. 'ತುಂಡುಗಳ ಎಣಿಕೆ ಸಾಲದು, ಗಾತ್ರವೂ ಬೇಕು. ಛೇದ ಸಮವಾದರೆ ಗಾತ್ರ ಸಮವಾಗುತ್ತದೆ, ಆಗ ಎಣಿಸಿದರೆ ಸಾಕು' ಎಂದು ಸ್ಪಷ್ಟವಾಗಿ ಹೇಳಿ, ಬರೆಸಿ.

ಕೊನೆಯ ನಾಲ್ಕು ನಿಮಿಷ ಚೀಟಿ. ಇಲ್ಲಿ ಲೆಕ್ಕದ ಆಯ್ಕೆಯಲ್ಲಿ ಎಚ್ಚರ ಬೇಕು. 3/4 ಮತ್ತು 7/9 ಕೊಟ್ಟರೆ 'ಒಂದು ಬೇಕು, ಎರಡು ಬೇಕು' ಎನ್ನುವವರು 3/4 ಎಂದು ಸಿಕ್ಕಿಬೀಳುತ್ತಾರೆ. ಆದರೆ 'ಅಂಕಿಗಳು ದೊಡ್ಡವು' ಎನ್ನುವವರು 7/9 ಎಂದು ಪಾರಾಗುತ್ತಾರೆ, ಏಕೆಂದರೆ 7/9 ನಿಜವಾಗಿಯೂ ದೊಡ್ಡದು. 3/4 ಮತ್ತು 5/7 ಕೊಟ್ಟರೆ ತಿರುಗುಮುರುಗು: ದೊಡ್ಡದು 3/4, ಸಿಕ್ಕಿಬೀಳುವವರು 'ಅಂಕಿಗಳು ದೊಡ್ಡವು' ಎನ್ನುವವರು. ಒಂದು ದೊಡ್ಡದು, ಇನ್ನೊಂದು ಚಿಕ್ಕದು ಆಗಿರುವ ಒಂದೇ ಜೋಡಿಯಿಂದ ಈ ಎರಡೂ ತಪ್ಪುಗಳನ್ನು ಹಿಡಿಯಲು ಸಾಧ್ಯವೇ ಇಲ್ಲ. ಆದ್ದರಿಂದ ಚೀಟಿಯಲ್ಲಿ ಎರಡೂ ಇರಲಿ, ಒಂದಕ್ಕಾದರೂ ಕಾರಣ ಬರೆಯಲಿ.

## ಹಂತ 8: ಚೀಟಿಗಳನ್ನು ವಿಂಗಡಿಸುವುದು

ಅಂಕ ಹಾಕಬೇಡಿ. ಮೂರು ಕಟ್ಟು ಮಾಡಿ: ಉತ್ತರವೂ ಕಾರಣವೂ ಸರಿ; ಉತ್ತರ ಸರಿ, ಆದರೆ ಕಾರಣ ಅನುಮಾನ; ಉತ್ತರ ತಪ್ಪು. ನಡುವಿನ ಕಟ್ಟನ್ನು ಮೊದಲು ಓದಿ. ಹೊರನೋಟಕ್ಕೆ ಆರೋಗ್ಯವಾಗಿ ಕಾಣುವ ತೊಂದರೆಗಳೆಲ್ಲ ಅಲ್ಲಿರುತ್ತವೆ. ಒಂದೇ ಬಗೆಯ ತಪ್ಪು ತರಗತಿಯ ಮೂರನೇ ಒಂದು ಭಾಗವನ್ನು ದಾಟಿದ್ದರೆ ಮರುದಿನದ ಪಾಠ ಅಲ್ಲಿಂದಲೇ ಶುರುವಾಗಲಿ. ನಾಲ್ಕೈದು ಮಕ್ಕಳದ್ದಷ್ಟೇ ಆದರೆ ಉಳಿದವರು ಅಭ್ಯಾಸ ಮಾಡುವಾಗ ಅವರ ಪಕ್ಕ ಕೂತು ನೋಡಿದರೆ ಸಾಕು.

## ಹಂತ 9: ಶಿಕ್ಷಕರು ಮೊದಲು ತಾವೇ ಲೆಕ್ಕ ಬಿಡಿಸುವುದು

ಇಲ್ಲಿಂದ ಮುಂದಿನದು ಮುಖ್ಯ ಶಿಕ್ಷಕರಿಗೆ, ಮಾರ್ಗದರ್ಶಕರಿಗೆ, ಅಥವಾ ಒಂದೇ ಶಾಲೆಯ ಇಬ್ಬರು ಗಣಿತ ಶಿಕ್ಷಕರಿಗೆ. ತರಬೇತಿ ಎಂದ ಕೂಡಲೇ ಭಾಷಣ ಏರ್ಪಡಿಸಬೇಡಿ. ನಾಲ್ಕು ಮಂದಿ ಮೇಜಿನ ಸುತ್ತ ಕೂತು ಒಂದು ಲೆಕ್ಕ ಬಿಡಿಸಿ.

ಇದನ್ನು ಪ್ರಯತ್ನಿಸಿ: 1¾ ÷ ½ ಎಂಬುದಕ್ಕೆ ಹೊಂದುವ ಒಂದು ಮಾತಿನ ಲೆಕ್ಕ ಬರೆಯಿರಿ. ಉತ್ತರ 3½ ಎಂದು ಎಲ್ಲರೂ ಕ್ಷಣದಲ್ಲಿ ಹೇಳುತ್ತಾರೆ, ತಿರುಗಿಸಿ ಗುಣಿಸುವುದು ಕೈಗೆ ಕೂತಿದೆ. ಮಾತಿನ ಲೆಕ್ಕ ಬರೆಯುವಾಗ ಮಾತ್ರ ಪೆನ್ನು ನಿಲ್ಲುತ್ತದೆ. '1¾ ಮೀಟರ್ ಹಗ್ಗವನ್ನು ಇಬ್ಬರಿಗೆ ಸಮನಾಗಿ ಹಂಚಿದರೆ' ಎಂದು ಬರೆದುಬಿಡುವವರು ಇರುತ್ತಾರೆ. ಅದು 2ರಿಂದ ಭಾಗಿಸುವ ಲೆಕ್ಕ, ಉತ್ತರ 7/8. ಬೇಕಾದದ್ದು '1¾ ಮೀಟರ್ ಹಗ್ಗದಿಂದ ಅರ್ಧ ಮೀಟರಿನ ತುಂಡುಗಳು ಎಷ್ಟು ಸಿಗುತ್ತವೆ?' ಎಂಬುದು. ಇದನ್ನು ಬಿಡಿಸುವಾಗ ಇನ್ನೊಂದು ಗಂಟು: ಮೂರು ತುಂಡು ಕತ್ತರಿಸಿದ ಮೇಲೆ ಉಳಿಯುವುದು ಕಾಲು ಮೀಟರ್. ಹಾಗಾದರೆ ಉತ್ತರ 3¼ ಏಕಲ್ಲ? ಉಳಿದ ಕಾಲು ಮೀಟರ್ ಅರ್ಧ ಮೀಟರಿನ ತುಂಡಿನಲ್ಲಿ ಅರ್ಧ, ಆದ್ದರಿಂದ 3½. ಈ ಪ್ರಶ್ನೆಯನ್ನು ತರಗತಿಯಲ್ಲಿ ಮಗುವೊಂದು ಎತ್ತುವ ಮೊದಲು ಸಹೋದ್ಯೋಗಿಗಳ ನಡುವೆ ಎದುರಿಸಿದ್ದರೆ ಶಿಕ್ಷಕರ ಧೈರ್ಯವೇ ಬೇರೆ.

ಗಮನಿಸಿ: ಇಂಥ ಕೂಟದಲ್ಲಿ ಮಾರ್ಗದರ್ಶಕರೇ ಉತ್ತರದ ಭಂಡಾರದಂತೆ ಕೂತರೆ ಮುಂದಿನ ಸಲದಿಂದ ಎಲ್ಲರೂ ನೋಟ್‌ಪುಸ್ತಕ ತೆರೆದು ಬರೆದುಕೊಳ್ಳಲಷ್ಟೇ ಬರುತ್ತಾರೆ.

## ಹಂತ 10: ತರಗತಿ ನೋಡುವುದು

ಹಿಂದಿನ ಬೆಂಚಿನಲ್ಲಿ ಕೂತು ಶಿಕ್ಷಕರ ಬೆನ್ನು, ಧ್ವನಿ, ಹಲಗೆಯ ಅಕ್ಷರ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಪಕ್ಕದ ಸಾಲಿನಲ್ಲಿ ಕೂತು ಮೂರು ಮಕ್ಕಳನ್ನಷ್ಟೇ ಇಡೀ ಅವಧಿ ಗಮನಿಸಿ: ಬೇಗ ಮುಗಿಸುವವರೊಬ್ಬರು, ನಡುವಿನವರೊಬ್ಬರು, ಬಾಯಿ ತೆರೆಯದವರೊಬ್ಬರು. ಯಾವ ನಿಮಿಷದಲ್ಲಿ ಏನು ಬರೆದರು, ಯಾವಾಗ ಅಳಿಸಿದರು, ಯಾರ ಮಾತಿನ ನಂತರ ಬದಲಿಸಿದರು ಎಂಬುದನ್ನು ಬರೆದುಕೊಳ್ಳಿ. 'ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು' ಎಂಬ ಬಗೆಯ ವಾಕ್ಯ ಬೇಡ. 'ಎರಡನೇ ಸಾಲಿನ ಹುಡುಗ 3/5 ಎಂದು ಬರೆದಿದ್ದ. ಪಟ್ಟಿಯ ಚಿತ್ರ ಹಲಗೆಗೆ ಬಂದ ಮೇಲೆ ಅಳಿಸಿ 2/3 ಎಂದ. ಕಾರಣ ಬರೆಯಲಿಲ್ಲ' ಎಂಬುದು ಶಿಕ್ಷಕರ ಕೈಗೆ ಸಿಗುವ ಮಾಹಿತಿ. ಪಾಠದ ನಡುವೆ ಎದ್ದು ಮಕ್ಕಳಿಗೆ ಹೇಳಿಕೊಡಲು ಹೋಗಬೇಡಿ.

ಈ ಬರಹ ಶಿಕ್ಷಕರ ಕೈಗೇ ಹೋಗಬೇಕು, ಕಡತಕ್ಕಲ್ಲ. ಮೌಲ್ಯಮಾಪನಕ್ಕೆ ಬಳಕೆಯಾಗುತ್ತದೆ ಎಂಬ ಸುಳಿವು ಸಿಕ್ಕರೆ ಮುಂದಿನ ಭೇಟಿಯಲ್ಲಿ ನಿಮಗೆ ಸಿಗುವುದು ಹಿಂದಿನ ದಿನ ತಾಲೀಮು ಮಾಡಿಸಿದ ಪಾಠ. ಯಾವ ಮಗುವೂ ಅಳಿಸದ, ಯಾವ ತಪ್ಪೂ ಬಾರದ ಅವಧಿ ಕಂಡರೆ ಅದನ್ನೇ ಗುರುತೆಂದು ತಿಳಿಯಿರಿ.

## ಹಂತ 11: ಅದೇ ದಿನ ಹತ್ತು ನಿಮಿಷದ ಮಾತು

ಮೊದಲು ಶಿಕ್ಷಕರು ಮಾತನಾಡಲಿ: ಯಾವ ಉತ್ತರ ನಿರೀಕ್ಷಿಸಿರಲಿಲ್ಲ, ಎಲ್ಲಿ ಸಮಯ ಸೋರಿತು. ಆಮೇಲೆ ಮೂರು ಮಕ್ಕಳ ವಿವರ ಕೊಡಿ. ಕೊನೆಗೆ ಮುಂದಿನ ಪಾಠಕ್ಕೆ ಒಂದೇ ಒಂದು ಬದಲಾವಣೆ ಆರಿಸಿಕೊಳ್ಳಲಿ, ಆರಿಸಬೇಕಾದವರು ಶಿಕ್ಷಕರು. ಒಟ್ಟಿಗೆ ಆರು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ.

ಜೊತೆಗೆ ಒಂದು ದಪ್ಪ ನೋಟ್‌ಪುಸ್ತಕ ಶಿಕ್ಷಕರ ಕೊಠಡಿಯಲ್ಲಿರಲಿ. ಪಾಠ ಮಾಡಿದವರು ಲೆಕ್ಕ, ಬಂದ ಉತ್ತರಗಳು, ಕೆಲಸ ಮಾಡಿದ ಪ್ರಶ್ನೆ, ಇಷ್ಟನ್ನು ಅದರಲ್ಲಿ ಬರೆದಿಡಲಿ. ಎರಡನೆಯ ಹಂತಕ್ಕೆ ಬೇಕಾಗುವ ಇಪ್ಪತ್ತು ನಿಮಿಷ ಮುಂದಿನ ವರ್ಷ ಐದಕ್ಕೆ ಇಳಿಯುತ್ತದೆ.

## ಎಚ್ಚರಿಕೆಯ ಗುರುತುಗಳು

ಮಗು ಉತ್ತರ ಹೇಳುತ್ತಾ ಹಲಗೆಯನ್ನು ಬಿಟ್ಟು ನಿಮ್ಮ ಮುಖವನ್ನೇ ನೋಡುತ್ತಿದ್ದರೆ, ನಿಮ್ಮ ಹುಬ್ಬಿನಿಂದ ಉತ್ತರ ಓದುವುದನ್ನು ಕಲಿತಿದೆ ಎಂದರ್ಥ. ಸರಿಯುತ್ತರಕ್ಕೂ 'ಹೇಗೆ ಗೊತ್ತು?' ಎಂದು ಕೇಳುವ ರೂಢಿ ಮಾಡಿಕೊಳ್ಳಿ. ತಪ್ಪಿಗಷ್ಟೇ ಆ ಪ್ರಶ್ನೆ ಕೇಳುತ್ತಿದ್ದರೆ ಪ್ರಶ್ನೆಯೇ ತಪ್ಪಿನ ಗುರುತಾಗಿಬಿಡುತ್ತದೆ.

'ಅರ್ಥವಾಯಿತೇ?' ಎಂದಾಗ ತರಗತಿ ಒಕ್ಕೊರಲಿನಿಂದ 'ಆಯಿತು' ಎಂದರೆ ಏನೂ ತಿಳಿದಂತಾಗಲಿಲ್ಲ. ಆ ಪ್ರಶ್ನೆಯನ್ನು ಬಿಟ್ಟುಬಿಡಿ.

ಸೀಮೆಸುಣ್ಣ ಮಗುವಿನ ಕೈಯಿಂದ ನಿಮ್ಮ ಕೈಗೆ ಬಂದು ಅಲ್ಲೇ ಉಳಿದರೆ ಆರನೆಯ ಹಂತ ಹಳಿ ತಪ್ಪಿದೆ. ಅಡ್ಡಿಪಡಿಸುವ ಮನಸ್ಸಾದಾಗ ಕೋಣೆಯ ಹಿಂಬದಿಗೆ ನಡೆದುಬಿಡಿ.

ಯಾವುದೋ ಒಂದು ಮಗು ಗಡಿಯಾರ ನೋಡುತ್ತಾ ಬೆವರುತ್ತಿದ್ದರೆ, ವೇಗದ ಸ್ಪರ್ಧೆಗಳನ್ನು ಕೂಡಲೇ ನಿಲ್ಲಿಸಿ. ಆತಂಕ ತಲೆ ತುಂಬಿದಾಗ ಲೆಕ್ಕದ ನಡುವಿನ ಅಂಕಿಗಳನ್ನು ನೆನಪಿನಲ್ಲಿ ಹಿಡಿದಿಡಲು ಜಾಗವೇ ಉಳಿಯುವುದಿಲ್ಲ. ಮಗ್ಗಿ ಗೊತ್ತಿದ್ದೂ ತಪ್ಪಾಗುತ್ತದೆ.

ಚೀಟಿಗಳೆಲ್ಲ ಸರಿ, ಎರಡು ವಾರದ ಬಳಿಕ ಮತ್ತೆ ಅದೇ ತಪ್ಪು. ಇದಕ್ಕೆ ಗಾಬರಿ ಬೇಡ. ಹಳೆಯ ನಿಯಮ ಒಂದೇ ಪಾಠಕ್ಕೆ ಜಾಗ ಖಾಲಿ ಮಾಡುವುದಿಲ್ಲ. ಎರಡು ವಾರಕ್ಕೊಮ್ಮೆ ಪಾಠದ ಆರಂಭದಲ್ಲಿ ಒಂದು ಜೋಡಿ ಭಿನ್ನರಾಶಿ ಬರೆದು ಎರಡು ನಿಮಿಷ ಕೊಡಿ.

## ಪಾಠ ಮುಗಿಯುವುದಿಲ್ಲ ಎನ್ನುವವರಿಗೆ

ಪ್ರತಿದಿನ ಇದನ್ನು ಮಾಡಲು ಯಾರಿಂದಲೂ ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಪ್ರತಿ ಅಧ್ಯಾಯದ ಆರಂಭದಲ್ಲಿ ಒಂದು, ಮಕ್ಕಳು ಸಾಮೂಹಿಕವಾಗಿ ಎಡವುವ ಜಾಗದಲ್ಲಿ ಇನ್ನೊಂದು. ಉಳಿದ ದಿನಗಳಲ್ಲಿ ಎಂದಿನ ವಿವರಣೆ, ಎಂದಿನ ಅಭ್ಯಾಸ.

ಅವಧಿ 35 ನಿಮಿಷದ್ದೇ ಆಗಿದ್ದರೆ ಹಲಗೆಗೆ ತರುವ ದಾರಿಗಳನ್ನು ನಾಲ್ಕರಿಂದ ಎರಡಕ್ಕೆ ಇಳಿಸಿ: ಪಟ್ಟಿಯ ಚಿತ್ರ ಮತ್ತು ಅಡ್ಡ ಗುಣಾಕಾರ. ಒಬ್ಬೊಬ್ಬರೇ ಯೋಚಿಸುವ ಆರು ನಿಮಿಷಕ್ಕೂ ಚೀಟಿಗೂ ಕತ್ತರಿ ಹಾಕಬೇಡಿ. ಅಷ್ಟು ಮಾಡಿಯೂ ಗಂಟೆ ಹೊಡೆದರೆ ಆರನೆಯ ಹಂತವನ್ನು ಮರುದಿನಕ್ಕೆ ಮುಂದೂಡಿ. ಆದರೆ ಜೋಡಿ ಹಾಳೆಗಳನ್ನು ಅಂದೇ ಸಂಗ್ರಹಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ಮಕ್ಕಳ ಚೀಲದಲ್ಲಿ ರಾತ್ರಿ ಕಳೆದ ಹಾಳೆಗಳು ಮರುದಿನ ಬರುವಾಗ ಎಲ್ಲವೂ ಸರಿಯಾಗಿಯೇ ಇರುತ್ತವೆ.